ಶುಕ್ರಮಾರ್ಗದ ಅವರೋಧ: ಜೈನ ವೈದ್ಯಪರಂಪರೆಯ ಚಿಕಿತ್ಸಾಕ್ರಮ ಮತ್ತು ಹಸ್ತಪ್ರತಿಗಳ ಅರ್ಥನಿರ್ಣಯ

೧

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ಮೂರು ಊರುಗಳು ಹುಬ್ಬಳ್ಳಿಯಿಂದ ಹರಿಹರಕ್ಕೆ ಸಾಗುವ ದಾರಿಯಲ್ಲಿ ಒಂದರ ಮುಂದೊಂದು ಇವೆ. ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳು ಆ ವರ್ಷ ರಚಿತವಾದ ಹಾವೇರಿ ಜಿಲ್ಲೆಯೊಳಗೆ ಬಂದವು. ಏಲಕ್ಕಿಯ ಹಾರ, ಮೆಣಸಿನಕಾಯಿ, ಹತ್ತಿ ಇವುಗಳಿಂದ ಇಂದು ಪ್ರಸಿದ್ಧವಾದ ಈ ಸೀಮೆ ಜೈನಧರ್ಮದ ಇತಿಹಾಸದಲ್ಲಿಯೂ ಹಳೆಯ ನೆಲೆ. ಹಾನಗಲ್ಲು ತಾಲ್ಲೂಕಿನ ಆಡೂರಿನ ಚಾಲುಕ್ಯ ಶಾಸನದಲ್ಲಿ ಜಿನಾಲಯವೂ ಅದಕ್ಕೆ ಸೇರಿದ ದಾನಶಾಲೆಯೂ ಉಲ್ಲೇಖಗೊಂಡಿವೆ. ರಾಣೆಬೆನ್ನೂರಿನ ಶಕ ೭೮೧ರ, ಎಂದರೆ ಕ್ರಿ. ಶ. ೮೫೯-೬೦ರ ಶಾಸನವು ರಾಷ್ಟ್ರಕೂಟ ಅಮೋಘವರ್ಷನ ಕಾಲದ್ದು. ನಾಗುಲ ಪೊಲ್ಲಬ್ಬೆ ಎಂಬ ಮಹಿಳೆ ಕಟ್ಟಿಸಿದ ಬಸದಿಗೆ ಭೂದಾನ ನಡೆದುದನ್ನು ಅದು ಹೇಳುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ ಶಕ ೮೨೦ರಲ್ಲಿ (ಕ್ರಿ. ಶ. ೮೯೮) ಗುಣಭದ್ರಾಚಾರ್ಯರ ಉತ್ತರಪುರಾಣವು ಪೂಜೆಗೊಂಡಿತೆಂದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. ಗಂಗರ ಮಾರಸಿಂಹನು ೯೭೪ರಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟದ್ದೂ ಅದೇ ಬಂಕಾಪುರದಲ್ಲಿ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದಾದುದರಿಂದ ಬಸದಿಯ ಸುತ್ತ ಶಾಸ್ತ್ರಾಭ್ಯಾಸದೊಡನೆ ವೈದ್ಯವೂ ಬೆಳೆದದ್ದು ಸಹಜವಾಗಿದೆ. ಅಮೋಘವರ್ಷನಿಗೂ ಜೈನವೈದ್ಯಕ್ಕೂ ಇರುವ ಸಂಬಂಧವಂತೂ ಗ್ರಂಥಸ್ಥವಾದುದು. ಕಲ್ಯಾಣಕಾರಕದ ಕರ್ತೃ ಉಗ್ರಾದಿತ್ಯಾಚಾರ್ಯರು ನೃಪತುಂಗ ವಲ್ಲಭನ ಸಭೆಯಲ್ಲಿ ಮಾಂಸಭಕ್ಷಣದ ನಿಷ್ಫಲತೆಯನ್ನು ಪ್ರತಿಪಾದಿಸಿದ ಸಂಗತಿಯನ್ನು ತಮ್ಮ ಗ್ರಂಥದ ಕೊನೆಗೆ ಸೇರಿಸಿದ ಹಿತಾಹಿತಾಧ್ಯಾಯದಲ್ಲಿ ಹೇಳಿದ್ದಾರೆ. ಹೀಗೆ ರಾಣೆಬೆನ್ನೂರಿನ ಬಸದಿಗೆ ದಾನ ನಡೆದ ಕಾಲವೂ ಜೈನವೈದ್ಯದ ಪ್ರಧಾನ ಸಂಸ್ಕೃತ ಗ್ರಂಥದ ಕಾಲವೂ ಒಂದೇ ರಾಜನ ಆಳ್ವಿಕೆಗೆ ಸಂಬಂಧಿಸಿವೆ.

ಈ ಪರಂಪರೆಯ ಗ್ರಂಥಗಳಲ್ಲಿಯೂ ಅವುಗಳಿಂದ ಆಯ್ದು ಬರೆದುಕೊಂಡ ಮನೆವೈದ್ಯದ ಓಲೆಗಳಲ್ಲಿಯೂ ಪುರುಷರ ಮೂತ್ರಮಾರ್ಗ ಹಾಗೂ ಶುಕ್ರಮಾರ್ಗದ ತಡೆಗಳಿಗೆ ಹೇಳುವ ಚಿಕಿತ್ಸೆಗಳ ಸ್ವರೂಪವೇನು, ಅವುಗಳನ್ನು ಇಂದಿನ ಸಂಪಾದಕನು ಯಾವ ಅರ್ಥದಲ್ಲಿ ತೆಗೆದುಕೊಳ್ಳಬೇಕು ಎಂಬುದು ಇಲ್ಲಿಯ ವಿಚಾರ. ವಿಷಯವು ಸಂಕೋಚಕ್ಕೆ ಎಡೆಮಾಡತಕ್ಕದ್ದಾದರೂ ಶಾಸ್ತ್ರಕಾರರು ಇದನ್ನು ಸಂಕೋಚದಿಂದ ಬಿಟ್ಟಿಲ್ಲ. ಅರ್ಥನಿರ್ಣಯದಲ್ಲಿ ತಪ್ಪಿದರೆ ಅದರ ಪರಿಣಾಮ ಗ್ರಂಥದೊಳಗೇ ಉಳಿಯದೆ ರೋಗಿಯ ದೇಹದವರೆಗೂ ಹೋಗುತ್ತದೆಯಾದ ಕಾರಣ ಇದು ವಿಚಾರಾರ್ಹವೂ ಆಗಿದೆ.

೨

ಜೈನ ಸಂಪ್ರದಾಯದಲ್ಲಿ ವೈದ್ಯವಿದ್ಯೆಯ ಮೂಲ ದ್ವಾದಶಾಂಗದ ಹನ್ನೆರಡನೆಯ ಪೂರ್ವವಾದ ಪ್ರಾಣಾವಾಯ. ಉಗ್ರಾದಿತ್ಯರು ತಮಗಿಂತ ಹಿಂದಿನ ಆಚಾರ್ಯರನ್ನು ಅವರವರ ಅಂಗಗಳೊಡನೆ ಹೆಸರಿಸುತ್ತಾರೆ. ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯತಂತ್ರಕ್ಕೆ ಪಾತ್ರಸ್ವಾಮಿಗಳು, ವಿಷ ಮತ್ತು ಗ್ರಹಶಮನಕ್ಕೆ ಸಿದ್ಧಸೇನರು, ಕಾಯಚಿಕಿತ್ಸೆಗೆ ದಶರಥ ಗುರುಗಳು, ಬಾಲವೈದ್ಯಕ್ಕೆ ಮೇಘನಾದರು, ವೃಷ್ಯ ಮತ್ತು ರಸಾಯನಕ್ಕೆ ಸಿಂಹನಾದರು ಎಂದು ಆ ಪಟ್ಟಿ ಇದೆ. ಶುಕ್ರಮಾರ್ಗದ ತಡೆಗೆ ಶಲ್ಯತಂತ್ರ, ಕಾಯಚಿಕಿತ್ಸೆ, ವೃಷ್ಯ ಈ ಮೂರು ಅಂಗಗಳೂ ಸಂಬಂಧಿಸಿವೆ. ಶಸ್ತ್ರದಿಂದ ತೆಗೆಯತಕ್ಕದ್ದು ಒಂದು, ಔಷಧದಿಂದ ಕರಗಿಸತಕ್ಕದ್ದು ಮತ್ತೊಂದು, ಕ್ಷೀಣವಾದುದನ್ನು ಪೋಷಿಸತಕ್ಕದ್ದು ಮೂರನೆಯದು. ಈ ವಿಭಾಗವನ್ನು ಮರೆತರೆ ಎಲ್ಲವೂ ವಾಜೀಕರಣವೆಂಬ ಒಂದೇ ಹೆಸರಿನಡಿ ಬೆರೆತುಹೋಗುತ್ತವೆ.

ಕನ್ನಡದಲ್ಲಿ ಕ್ರಿ. ಶ. ೧೧೫೦ರ ಸುಮಾರಿನ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವು ಪೂಜ್ಯಪಾದರ ಕಲ್ಯಾಣಕಾರಕದ ಕನ್ನಡ ರೂಪ. ಮದ್ಯಮಾಂಸಗಳ ಸಂಪರ್ಕವಿಲ್ಲದ ಚಿಕಿತ್ಸೆ ಅದರ ವಿಶೇಷ. ವೈದ್ಯಗ್ರಂಥ ರಚಿಸಿದ ಪೂಜ್ಯಪಾದರೂ ಸರ್ವಾರ್ಥಸಿದ್ಧಿಯ ಕರ್ತೃ ದೇವನಂದಿ ಪೂಜ್ಯಪಾದರೂ ಒಬ್ಬರೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಸಂಪ್ರದಾಯವು ಇಬ್ಬರನ್ನೂ ಒಂದೆಂದೇ ಗೌರವಿಸುತ್ತ ಬಂದಿದೆ. ಉಗ್ರಾದಿತ್ಯರ ಕಲ್ಯಾಣಕಾರಕವು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಹಿಂದೀ ಅನುವಾದದೊಡನೆ ೧೯೪೦ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ೧೯೪೮ರಲ್ಲಿ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ ಹೊರಬಂದ ಮೇಲೆ ಜೈನ ಭಂಡಾರಗಳಲ್ಲಿರುವ ಗ್ರಂಥಗಳ ವ್ಯಾಪ್ತಿ ಹೊರಗಿನವರಿಗೂ ತಿಳಿಯುವಂತಾಯಿತು.

೩

ಪುರುಷರ ಅವರೋಧರೋಗಗಳಿಗೆ ಶಾಸ್ತ್ರದಲ್ಲಿ ಒಂದೇ ಹೆಸರಿಲ್ಲ. ಸುಶ್ರುತದ ಪರಿಭಾಷೆಯನ್ನೇ ಉತ್ತರಕಾಲೀನರೆಲ್ಲ ಬಹುಮಟ್ಟಿಗೆ ಅನುಸರಿಸಿದುದರಿಂದ ಅದನ್ನು ಮೊದಲು ನೋಡಬೇಕು.

ಮೂತ್ರಾಘಾತವೆಂದರೆ ಮೂತ್ರವು ಕಟ್ಟಿಕೊಳ್ಳುವುದು. ಅದರಲ್ಲಿ ಹನ್ನೆರಡು ಭೇದಗಳು. ಅವುಗಳಲ್ಲಿ ಮೂತ್ರಗ್ರಂಥಿಯು ಬಸ್ತಿಯ ಬಾಯಲ್ಲಿ ಹುಟ್ಟುವ ಗಂಟು. ಮೂತ್ರಶುಕ್ರವೆಂಬುದು ಮೂತ್ರದೊಡನೆ ಶುಕ್ರವೂ ಬೆರೆತು ಹೋಗುವ ವಿಕಾರ. ಅಶ್ಮರಿ ನಾಲ್ಕು ವಿಧ. ಮೂರು ದೋಷಜ, ನಾಲ್ಕನೆಯದು ಶುಕ್ರಾಶ್ಮರಿ. ಸ್ಥಾನಚ್ಯುತವಾದ ಶುಕ್ರವನ್ನು ತಡೆದಾಗ ಅದು ಹೊರಬೀಳದೆ ಶಿಶ್ನ ಮತ್ತು ವೃಷಣಗಳ ನಡುವೆ ವಾಯುವಿನಿಂದ ಒಣಗಿ ಗಟ್ಟಿಯಾಗಿ ಮಾರ್ಗವನ್ನು ಮುಚ್ಚುತ್ತದೆ. ಆಗ ಮೂತ್ರಕೃಚ್ಛ್ರ, ಬಸ್ತಿಯಲ್ಲಿ ನೋವು, ವೃಷಣಗಳ ಊತ ಕಾಣಿಸುತ್ತವೆ. ಒತ್ತಿದರೆ ಅಲ್ಲಿಯೇ ಕರಗಿದಂತಾಗುವುದು ಅದರ ಗುರುತು. ಇತರ ಅಶ್ಮರಿಗಳು ಮಕ್ಕಳಲ್ಲಿ ಹೆಚ್ಚು. ಇದು ಪ್ರಾಪ್ತವಯಸ್ಕರಲ್ಲಿ ಮಾತ್ರ. ಶುಕ್ರದ ಎಂಟು ದೋಷಗಳಲ್ಲಿ ಗ್ರಂಥಿಭೂತ ಶುಕ್ರವೂ ಒಂದು. ಶಿಶ್ನಾಗ್ರದ ಚರ್ಮ ಬಿಗಿದು ಮೂತ್ರದ ದ್ವಾರ ಕಿರಿದಾಗುವುದು ನಿರುದ್ಧಪ್ರಕಶ.

ಶುಕ್ರದ ದಾರಿಯ ವಿಷಯದಲ್ಲಿ ಪ್ರಾಚೀನರ ಕಲ್ಪನೆ ಎರಡು ಎಳೆಗಳಿಂದ ಕೂಡಿದೆ. ಹಾಲಿನಲ್ಲಿ ತುಪ್ಪದಂತೆ, ಕಬ್ಬಿನ ರಸದಲ್ಲಿ ಬೆಲ್ಲದಂತೆ ಶುಕ್ರವು ಇಡೀ ದೇಹದಲ್ಲಿ ವ್ಯಾಪಿಸಿದೆ ಎಂಬುದು ಒಂದು. ಬಸ್ತಿದ್ವಾರದ ಕೆಳಗೆ ಎರಡು ಅಂಗುಲ ಬಲಕ್ಕೆ ಶುಕ್ರಮಾರ್ಗವು ಮೂತ್ರಸ್ರೋತಸ್ಸನ್ನು ಸೇರಿ ಹೊರಹೋಗುತ್ತದೆ ಎಂಬುದು ಇನ್ನೊಂದು. ಶುಕ್ರವಹ ಸ್ರೋತಸ್ಸುಗಳು ಎರಡು. ಅವುಗಳ ಮೂಲ ಸ್ತನ ಮತ್ತು ವೃಷಣ. ಅವುಗಳಿಗೆ ಪೆಟ್ಟಾದರೆ ಕ್ಲೈಬ್ಯ, ಶುಕ್ರವು ತಡವಾಗಿ ಹೊರಬರುವುದು ಅಥವಾ ರಕ್ತಮಿಶ್ರಿತವಾಗುವುದು ಫಲ. ಮೂತ್ರ ಮತ್ತು ಶುಕ್ರ ಎರಡಕ್ಕೂ ಕೊನೆಯ ದಾರಿ ಒಂದೇ ಎಂಬ ಅರಿವಿದ್ದ ಕಾರಣದಿಂದಲೇ ಒಂದರ ಚಿಕಿತ್ಸೆ ಇನ್ನೊಂದಕ್ಕೂ ವಿಹಿತವಾಗಿದೆ.

ಅಶ್ಮರಿಯು ಅಷ್ಟಮಹಾಗದಗಳಲ್ಲಿ ಒಂದು. ವಾತವ್ಯಾಧಿ, ಪ್ರಮೇಹ, ಕುಷ್ಠ, ಅರ್ಶ, ಭಗಂದರ, ಮೂಢಗರ್ಭ, ಉದರ ಇವು ಉಳಿದವು. ಕಲ್ಯಾಣಕಾರಕದಲ್ಲಿ ಇವುಗಳಿಗೆ ಮಹಾಮಯವೆಂದು ಹೆಸರು. ರೋಗವಿಭಾಗದಲ್ಲಿ ಜೈನಾಚಾರ್ಯರು ಪರಂಪರೆಯನ್ನು ಬಿಡಲಿಲ್ಲ; ಅವರು ಭಿನ್ನರಾದುದು ದ್ರವ್ಯದ ಆಯ್ಕೆಯಲ್ಲಿ ಮತ್ತು ರೋಗದ ಪರಮಕಾರಣದ ನಿರೂಪಣೆಯಲ್ಲಿ.

೪

ದ್ರವ್ಯದ ಆಯ್ಕೆಯನ್ನು ಕುರಿತು ಒಂದು ಅಭಿಪ್ರಾಯ ರೂಢವಾಗಿದೆ. ಜೈನ ವೈದ್ಯರು ಮಾಂಸ, ಮದ್ಯ, ಮಧುಗಳನ್ನು ತೊರೆದುದರಿಂದ ಅವರ ಶಾಸ್ತ್ರ ಸಂಕುಚಿತವಾಯಿತು ಎಂಬುದು ಒಂದು ಪಕ್ಷ. ಅವರು ಸಂಪೂರ್ಣ ಹೊಸ ಶಾಸ್ತ್ರವನ್ನೇ ನಿರ್ಮಿಸಿದರು ಎಂಬುದು ಇನ್ನೊಂದು ಪಕ್ಷ. ಅವರೋಧಚಿಕಿತ್ಸೆಯ ಪ್ರಕರಣವನ್ನು ಪರಿಶೀಲಿಸಿದರೆ ಎರಡೂ ಸರಿಯಲ್ಲವೆಂದು ತೋರುತ್ತದೆ. ನಾಲ್ಕು ಉದಾಹರಣೆಗಳು ಸಾಕು.

ಮೊದಲನೆಯದು ಉತ್ತರಬಸ್ತಿ. ಮೂತ್ರಮಾರ್ಗದ ಮೂಲಕ ಸ್ನೇಹ ಅಥವಾ ಕಷಾಯವನ್ನು ಒಳಸೇರಿಸುವ ಈ ಕ್ರಮಕ್ಕೆ ಚರಕವು ಹೇಳುವ ಪುಷ್ಪನೇತ್ರ ಚಿನ್ನದ್ದು ಅಥವಾ ಬೆಳ್ಳಿಯದು. ಉದ್ದ ಹನ್ನೆರಡು ಅಂಗುಲ, ರಂಧ್ರ ಸಾಸಿವೆಕಾಳು ಹಿಡಿಯುವಷ್ಟು, ಆಕಾರ ಗೋವಿನ ಬಾಲದಂತೆ ಬುಡದಿಂದ ತುದಿಗೆ ಸಣ್ಣಗಾಗುವುದು. ಅದಕ್ಕೆ ಕಟ್ಟುವ ಚೀಲ ಆಡು, ಕುರಿ ಅಥವಾ ಹಂದಿಯ ಮೂತ್ರಕೋಶ. ಜೈನ ವೈದ್ಯನಿಗೆ ಇದು ಸಲ್ಲದು. ಆದರೆ ಚರಕವೇ ಬಸ್ತಿಯ ಪ್ರಕರಣದಲ್ಲಿ ಮೂತ್ರಕೋಶ ದೊರೆಯದಾಗ ಒತ್ತಾಗಿ ನೇಯ್ದ ಬಟ್ಟೆಯನ್ನು ಬಳಸಬಹುದೆಂದು ಹೇಳಿದೆ. ಅಲ್ಲಿ ಅಭಾವದಲ್ಲಿ ಬಳಸತಕ್ಕ ವಸ್ತುವೇ ಇಲ್ಲಿ ಮುಖ್ಯವಸ್ತುವಾಗಬಹುದು.

ಎರಡನೆಯದು ನಿರುದ್ಧಪ್ರಕಶದ ನಾಡಿ. ಎರಡೂ ಕಡೆ ಬಾಯಿ ಇರುವ ಲೋಹ, ಮರ ಅಥವಾ ಅರಗಿನ ನಳಿಗೆಗೆ ತುಪ್ಪ ಸವರಿ ಒಳಸೇರಿಸಬೇಕು. ಮೂರು ಮೂರು ದಿನಗಳಿಗೊಮ್ಮೆ ಅದಕ್ಕಿಂತ ದಪ್ಪನಾದ ನಳಿಗೆಯನ್ನು ಇಡುತ್ತ ಮಾರ್ಗವನ್ನು ಹಿಗ್ಗಿಸಬೇಕು ಎಂಬುದು ಸುಶ್ರುತದ ವಿಧಿ. ಪರಿಷೇಕಕ್ಕೆ ಶಿಶುಮಾರ ಮತ್ತು ಹಂದಿಯ ವಸೆಯನ್ನು ಅಲ್ಲಿ ಹೇಳಿದೆ. ಅದರ ಜೊತೆಗೇ ಗಾಣದ ಎಣ್ಣೆಯನ್ನು, ಎಂದರೆ ಚಕ್ರತೈಲವನ್ನು, ವಾತಹರ ದ್ರವ್ಯಗಳೊಡನೆ ಬಳಸಬಹುದೆಂದೂ ಹೇಳಿದೆ. ವಸೆಯನ್ನು ಬಿಟ್ಟು ಚಕ್ರತೈಲವನ್ನು ಹಿಡಿದರೆ ಚಿಕಿತ್ಸೆಯ ಯಾವ ಅಂಗಕ್ಕೂ ಲೋಪವಿಲ್ಲ.

ಮೂರನೆಯದು ಶರ್ಕರೆಯನ್ನು ಒಡೆಯುವ ಒಂದು ಯೋಗ. ಕ್ರೌಂಚ, ಒಂಟೆ, ಕತ್ತೆ ಇವುಗಳ ಮೂಳೆ, ಶ್ವದಂಷ್ಟ್ರಾ, ತಾಲಮೂಲಿಕಾ, ಅಜಮೋದಾ, ಕದಂಬದ ಬೇರು, ಶುಂಠಿ ಇವುಗಳನ್ನು ಸುರೆಯಲ್ಲಾಗಲಿ ಬಿಸಿನೀರಿನಲ್ಲಾಗಲಿ ಕುಡಿಯಬೇಕೆಂದು ವಿಧಿ. ಸುರೆಗೆ ಬದಲು ಬಿಸಿನೀರು ಮೂಲದಲ್ಲಿಯೇ ಇದೆ. ಮೂಳೆಗಳನ್ನು ಬಿಟ್ಟರೂ ಕಾರ್ಯಕಾರಿಯಾದ ಸಸ್ಯವರ್ಗ ಉಳಿಯುತ್ತದೆ.

ನಾಲ್ಕನೆಯದು ನೆಗ್ಗಿಲಿನ ಯೋಗ. ನೆಗ್ಗಿಲ ಬೀಜದ ಚೂರ್ಣವನ್ನು ಜೇನಿನಲ್ಲಿ ಕಲಸಿ ಕುರಿಯ ಹಾಲಿನೊಡನೆ ಏಳು ದಿನ ಕುಡಿಯಬೇಕು ಎಂಬಲ್ಲಿ ಜೇನು ಮಾತ್ರ ಬಾಧಕ. ಅನುಪಾನದಲ್ಲಿ ಜೇನಿನ ಸ್ಥಾನಕ್ಕೆ ಸಕ್ಕರೆ ಅಥವಾ ಬೆಲ್ಲ ಬರುವುದು ಜೈನವೈದ್ಯದ ಸಾಮಾನ್ಯ ರೀತಿ.

ಈ ನಾಲ್ಕರಿಂದ ಸಿದ್ಧವಾಗುವುದೇನೆಂದರೆ, ಪರಂಪರೆಯೇ ತನ್ನೊಳಗೆ ಇಟ್ಟುಕೊಂಡಿದ್ದ ವಿಕಲ್ಪಗಳಲ್ಲಿ ಅಹಿಂಸೆಗೆ ಒಪ್ಪುವುದನ್ನು ಎತ್ತಿ ಹಿಡಿದರೆ ಈ ಚಿಕಿತ್ಸೆಗಳ ಬಹುಪಾಲು ಕೆಡದೆ ನಿಲ್ಲುತ್ತದೆ. ಅಹಿಂಸೆ ಇಲ್ಲಿ ಒಂದು ವಿವೇಚನಾಸೂತ್ರವಾಗಿ ಕೆಲಸ ಮಾಡುತ್ತದೆ. ಮಾಂಸವಿಲ್ಲದೆ ಚಿಕಿತ್ಸೆ ಸಾಗದು ಎಂಬ ಪೂರ್ವಪಕ್ಷಕ್ಕೆ ಉತ್ತರ ಕೊಡುವಾಗ ಜೈನ ವೈದ್ಯನಿಗೆ ಪರಕೀಯ ಶಾಸ್ತ್ರದ ವಾಕ್ಯಗಳೇ ಸಾಕ್ಷಿಯಾಗಿ ಒದಗುತ್ತವೆ.

ಶಸ್ತ್ರದ ವಿಷಯದಲ್ಲಿ ಪ್ರಶ್ನೆ ಇನ್ನೂ ಗಹನವಾದುದು. ಮೂತ್ರಮಾರ್ಗದಲ್ಲಿ ಸಿಕ್ಕಿಕೊಂಡ ಶುಕ್ರಾಶ್ಮರಿಯನ್ನು ಮೊದಲು ಆ ಮಾರ್ಗದಿಂದಲೇ ಹೊರತರಲು ಯತ್ನಿಸಬೇಕು. ಆಗದಿದ್ದರೆ ನಾಡಿಯನ್ನು ಸೀಳಿ ಬಡಿಶವೆಂಬ ಕೊಕ್ಕೆಯಿಂದ ಎತ್ತಬೇಕು ಎಂದು ಸುಶ್ರುತವು ಹೇಳುತ್ತದೆ. ಬಸ್ತಿಯ ಅಶ್ಮರಿಯನ್ನು ತೆಗೆಯುವಾಗ ಮೂತ್ರವಹ, ಶುಕ್ರವಹ, ಮುಷ್ಕಸ್ರೋತಸ್ಸು, ಮೂತ್ರಪ್ರಸೇಕ, ಸೇವನಿ ಮುಂತಾದ ಎಂಟು ಮರ್ಮಸ್ಥಾನಗಳನ್ನು ಕಾಪಾಡಬೇಕು. ಶುಕ್ರವಹವು ತುಂಡಾದರೆ ಮರಣ ಅಥವಾ ಕ್ಲೈಬ್ಯ ಎಂಬ ಎಚ್ಚರಿಕೆ ಅಲ್ಲಿದೆ. ಶಸ್ತ್ರವಿಲ್ಲದೆ ಮರಣ ನಿಶ್ಚಿತ, ಶಸ್ತ್ರ ಮಾಡಿದರೆ ಸಂಶಯ. ಆದುದರಿಂದ ಒಡೆಯನ ಅನುಮತಿ ಪಡೆದೇ ತೊಡಗಬೇಕು ಎಂಬ ಮಾತೂ ಇದೆ. ಗಾಯ ಮಾಗಿದ ಮೇಲೂ ಒಂದು ವರ್ಷ ಸ್ತ್ರೀಸಂಗ, ಕುದುರೆಸವಾರಿ, ಈಜು ವರ್ಜ್ಯ.

ದೇಹವನ್ನು ಸೀಳುವುದು ಹಿಂಸೆಯಲ್ಲವೇ ಎಂಬ ಶಂಕೆಗೆ ಜೈನ ದರ್ಶನದಲ್ಲಿ ಸ್ಪಷ್ಟವಾದ ಸಮಾಧಾನವಿದೆ. ಪ್ರಮತ್ತಯೋಗದಿಂದ ಪ್ರಾಣಗಳನ್ನು ವಿಯೋಗಗೊಳಿಸುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಲಕ್ಷಣ. ಅಸಾತಾವೇದನೀಯದ ಆಸ್ರವವನ್ನು ವಿವರಿಸುವಲ್ಲಿ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವೈದ್ಯನ ದೃಷ್ಟಾಂತವನ್ನೇ ತಂದಿದ್ದಾರೆ. ಪರಮಕರುಣೆಯಿಂದ ಸಂಯಮಿಯೊಬ್ಬನ ಹುಣ್ಣನ್ನು ಸೀಳುವ ವೈದ್ಯನು ದುಃಖಕ್ಕೆ ನಿಮಿತ್ತನಾದರೂ ಹೊರಗಿನ ನಿಮಿತ್ತಮಾತ್ರದಿಂದ ಅವನಿಗೆ ಪಾಪಬಂಧವಿಲ್ಲ ಎಂಬುದು ಅದರ ತಾತ್ಪರ್ಯ. ಶಲ್ಯತಂತ್ರವನ್ನು ಜೈನಾಚಾರ್ಯರು ರಚಿಸಿದರೆಂಬ ಉಗ್ರಾದಿತ್ಯರ ಮಾತಿಗೆ ಈ ದೃಷ್ಟಾಂತವು ಸೈದ್ಧಾಂತಿಕ ಆಧಾರ.

೫

ರೋಗದ ಪರಮಕಾರಣ ಕರ್ಮ. ವಾತಾದಿ ದೋಷಗಳು ಅದರ ಬಾಹ್ಯ ನಿಮಿತ್ತಗಳು. ಹಾಗಾದರೆ ಕರ್ಮದಿಂದ ಬಂದುದನ್ನು ಔಷಧದಿಂದ ಕಳೆಯುವುದು ಹೇಗೆ ಎಂಬ ಪ್ರಶ್ನೆ ಸಹಜ. ಅವಿಪಾಕನಿರ್ಜರೆಯನ್ನು ವಿವರಿಸುವಾಗ ಪೂಜ್ಯಪಾದರು ಕೊಡುವ ಮಾವು ಹಲಸುಗಳ ಉಪಮೆ ಇಲ್ಲಿ ಉಪಯುಕ್ತವಾಗಿದೆ. ಮರದಲ್ಲಿ ಕಾಲಕ್ರಮದಿಂದ ಮಾಗತಕ್ಕ ಹಣ್ಣನ್ನು ಉಪಾಯದಿಂದ ಮೊದಲೇ ಮಾಗಿಸುವಂತೆ, ಉದಯಕ್ಕೆ ಬಾರದ ಕರ್ಮವನ್ನು ಉಪಕ್ರಮವಿಶೇಷದಿಂದ ಉದಯಕ್ಕೆ ತಂದು ಕಳೆಯಬಹುದು. ಆದುದರಿಂದ ಕರ್ಮವಾದವು ಚಿಕಿತ್ಸೆಗೆ ಅಡ್ಡಿಯಲ್ಲ.

ಪುರುಷನ ಸಂತಾನಹೀನತೆಯ ವಿಷಯದಲ್ಲಿ ಇದಕ್ಕೆ ಇನ್ನೊಂದು ಪ್ರಯೋಜನವಿದೆ. ಪುರುಷವೇದ, ಸ್ತ್ರೀವೇದ, ನಪುಂಸಕವೇದಗಳು ನೋಕಷಾಯ ಮೋಹನೀಯದ ಉದಯದಿಂದ ಬರುವ ಭಾವಗಳು. ದ್ರವ್ಯವೇದವು ನಾಮಕರ್ಮದ ಫಲ. ಶುಕ್ರಮಾರ್ಗದ ತಡೆಯು ಇವೆರಡರಲ್ಲಿ ಯಾವುದೂ ಅಲ್ಲ. ಅದು ಔದಾರಿಕ ಶರೀರದಲ್ಲಿ ಒದಗಿದ ರೋಗ. ಹೀಗಿದ್ದರೂ ಕ್ಲೀಬ, ಷಂಢ, ನಪುಂಸಕ, ಅಪ್ರಜ ಎಂಬ ಶಬ್ದಗಳನ್ನು ಟೀಕೆಗಳಲ್ಲಿಯೂ ನಿಘಂಟುಗಳಲ್ಲಿಯೂ ಒಂದರ ಬದಲು ಇನ್ನೊಂದನ್ನು ಬರೆಯುವ ರೂಢಿ ಬೆಳೆದಿದೆ. ರೋಗಿಗೆ ವೇದದ ಹೆಸರನ್ನು ಕಟ್ಟುವುದು ಸಿದ್ಧಾಂತದೋಷ. ಲೋಕದಲ್ಲಿ ಅದು ನಿಂದೆ. ಮಕ್ಕಳಿಲ್ಲದಿರುವಿಕೆಯ ದೋಷವನ್ನು ಹೆಂಗಸಿನ ಮೇಲೆಯೇ ಹೊರಿಸುವ ಲೋಕರೂಢಿಗೂ ಶಾಸ್ತ್ರದ ಬೆಂಬಲವಿಲ್ಲ. ಶುಕ್ರದ ಎಂಟು ದೋಷಗಳನ್ನು ಎಣಿಸಿ ಅವುಗಳಿಂದ ಸಂತಾನವಾಗದೆಂದು ಹೇಳಿದ ಆಯುರ್ವೇದವು ಪುರುಷನನ್ನೂ ಪರೀಕ್ಷೆಗೆ ಒಳಪಡಿಸಿದೆ.

೬

ಈ ಪ್ರಕರಣದ ಹಸ್ತಪ್ರತಿಗಳನ್ನು ಓದುವಲ್ಲಿ ಕೆಲವು ವಿಶಿಷ್ಟ ತೊಡಕುಗಳಿವೆ. ಓಲೆಗಳು ಕಟ್ಟು ಬಿಚ್ಚಿ ಬೆರೆತುಹೋದ ಸಂಗ್ರಹಗಳಲ್ಲಿ ಇವು ಹೆಚ್ಚು ಬಾಧಕ.

ಶುಕ್ರ ಎಂಬ ಶಬ್ದವೇ ಮೊದಲ ತೊಡಕು. ನೇತ್ರರೋಗಗಳಲ್ಲಿ ಕಣ್ಣಿನ ಕರಿಯಭಾಗದಲ್ಲಿ ಬರುವ ಹೂವಿಗೂ ಶುಕ್ರವೆಂದೇ ಹೆಸರು. ಸವ್ರಣಶುಕ್ರ, ಅವ್ರಣಶುಕ್ರ ಎಂದು ಅದರ ಭೇದಗಳು. ಶಾಲಾಕ್ಯದಲ್ಲಿ ಪೂಜ್ಯಪಾದರ ಪ್ರಾಮಾಣ್ಯ ಹೆಚ್ಚಾದುದರಿಂದ ಅವರ ಹೆಸರಿನಲ್ಲಿ ಬರುವ ಬಿಡಿ ಯೋಗವೊಂದು ಶುಕ್ರಹರವೆಂದಿದ್ದರೆ ಅದು ಕಣ್ಣಿನ ಅಂಜನವೋ ಮೂತ್ರಮಾರ್ಗದ ಔಷಧವೋ ಎಂಬುದನ್ನು ದ್ರವ್ಯಗಳಿಂದಲೂ ಪ್ರಯೋಗದ ರೀತಿಯಿಂದಲೂ ನಿರ್ಣಯಿಸಬೇಕು. ಅಂಜನ, ವರ್ತಿ, ಆಶ್ಚ್ಯೋತನ ಎಂಬ ಶಬ್ದಗಳು ಅದೇ ಓಲೆಯಲ್ಲಿದ್ದರೆ ಸಂಶಯ ಕಳೆಯುತ್ತದೆ.

ಎರಡನೆಯದು ಬಸ್ತಿ. ವಸತಿ ಎಂಬುದರಿಂದ ಬಂದ ಬಸದಿ ಅಥವಾ ಬಸ್ತಿ ಜಿನಾಲಯ. ಸಂಸ್ಕೃತದ ಬಸ್ತಿ ಮೂತ್ರಕೋಶ. ಅದರಿಂದಲೇ ಚಿಕಿತ್ಸೆಗೂ ಆ ಹೆಸರು. ಬಸ್ತ ಎಂದರೆ ಹೋತ. ಓಲೆಯಲ್ಲಿ ಗುಡಿಸೊಂದು ಮಾಸಿದರೆ ಬಸ್ತಿಯು ಬಸ್ತವಾಗುತ್ತದೆ. ಅನ್ಯಗ್ರಂಥಗಳ ವಾಜೀಕರಣದಲ್ಲಿ ಬಸ್ತಾಂಡದ ಪ್ರಯೋಗವಿರುವುದರಿಂದ ಈ ತಪ್ಪು ಲಿಪಿಕಾರನಿಗೆ ಸಹಜವೆಂದು ತೋರಬಹುದು. ಜೈನ ಗ್ರಂಥದ ಪ್ರತಿಯಲ್ಲಿ ಅಂಥ ಪಾಠ ಬಂದರೆ ಅದು ಲಿಪಿದೋಷವೋ ಪ್ರಕ್ಷೇಪವೋ ಎಂದು ನೋಡುವುದು ಸಂಪಾದಕನ ಕರ್ತವ್ಯ.

ಮೂರನೆಯದು ಮುಷ್ಕ. ವೃಷಣಕ್ಕೆ ಮುಷ್ಕವೆಂದು ಹೆಸರು; ಕ್ಷಾರ ತೆಗೆಯುವ ಮರವೊಂದಕ್ಕೂ ಮುಷ್ಕಕವೆಂದು ಹೆಸರು. ಕ್ಷಾರಪ್ರಕರಣದ ಮುಷ್ಕಕವನ್ನು ಅಂಗವಾಚಕವೆಂದು ತಿಳಿದರೆ ಅನರ್ಥವಾಗುತ್ತದೆ. ಮೇಲೆ ಹೇಳಿದ ಶರ್ಕರಾಯೋಗದಲ್ಲಿ ಮೂಳೆಗಳ ಮಗ್ಗುಲಲ್ಲಿಯೇ ಬರುವ ಶ್ವದಂಷ್ಟ್ರಾ ಕೂಡ ಇದೇ ಬಗೆಯದು. ಶಬ್ದಾರ್ಥ ನಾಯಿಯ ಹಲ್ಲು; ವಸ್ತು ನೆಗ್ಗಿಲು. ಒಂಟೆಯ ಮೂಳೆಯನ್ನು ಬಿಡುವ ಅವಸರದಲ್ಲಿ ನೆಗ್ಗಿಲನ್ನೂ ಬಿಟ್ಟರೆ ಯೋಗದ ಪ್ರಧಾನ ದ್ರವ್ಯವೇ ಹೋಗುತ್ತದೆ. ಗೋಜಿಹ್ವಾ, ಅಶ್ವಗಂಧಾ, ಮೇಷಶೃಂಗೀ, ಕೋಕಿಲಾಕ್ಷ ಮುಂತಾದುವೂ ಪ್ರಾಣಿಗಳ ಹೆಸರನ್ನು ಹೊತ್ತ ಸಸ್ಯಗಳೇ.

ಕಾಲನಿರ್ಣಯಕ್ಕೆ ಕೆಲವು ದ್ರವ್ಯಗಳು ಸಹಾಯಕ. ಬ್ಯಾಡಗಿಯ ಹೆಸರನ್ನು ದೇಶಾಂತರಗಳಿಗೆ ಒಯ್ದಿರುವ ಮೆಣಸಿನಕಾಯಿ ಅಮೆರಿಕ ಖಂಡದ ಗಿಡ; ಪೋರ್ಚುಗೀಸರು ಬಂದ ಮೇಲೆ ಹದಿನಾರನೆಯ ಶತಮಾನದಲ್ಲಿ ಈ ದೇಶಕ್ಕೆ ಬಂದಿತು. ಹಳೆಯ ಗ್ರಂಥಗಳಲ್ಲಿ ಮೆಣಸು ಎಂದರೆ ಕರಿಮೆಣಸು. ಆದುದರಿಂದ ಮೆಣಸಿನಕಾಯಿಯನ್ನು ಹೇಳುವ, ಅಥವಾ ಮೂತ್ರರೋಗಿಗೆ ಅದನ್ನು ಅಪಥ್ಯವೆಂದು ನಿಷೇಧಿಸುವ ವಾಕ್ಯವು ಸೋಮನಾಥನದಾಗಲಿ ಪೂಜ್ಯಪಾದರದಾಗಲಿ ಆಗಲಾರದು. ಪರಂಗಿ ಚೆಕ್ಕೆಯೂ ಹಾಗೆಯೇ. ಫಿರಂಗರೋಗವೂ ಅದಕ್ಕೆ ಆ ಚೆಕ್ಕೆಯ ಚಿಕಿತ್ಸೆಯೂ ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಕಾಣಿಸಿಕೊಳ್ಳುತ್ತವೆ. ಪ್ರಮೇಹವೆಂಬ ಶಬ್ದವನ್ನು ಹಳೆಯವರು ಇಪ್ಪತ್ತು ಬಗೆಯ ಮೂತ್ರವಿಕಾರಗಳಿಗೆ ಬಳಸಿದರು. ಸಂಗದಿಂದ ಅಂಟುವ ಪೂಯರೋಗಕ್ಕೆ ಅದನ್ನು ಬಳಸುವುದು ಈಚಿನ ರೂಢಿ. ಈ ಬದಲಾವಣೆಯನ್ನು ಗಮನಿಸದೆ ಹಳೆಯ ಪ್ರಮೇಹದ ಯೋಗಗಳನ್ನು ಅಂಟುರೋಗದ ಚಿಕಿತ್ಸೆಯೆಂದು ಮುದ್ರಿಸುವುದು ಅಪಾಯಕರ.

೭

ಇನ್ನು ಮುಖ್ಯವಾದ ಪ್ರಶ್ನೆ: ಗ್ರಂಥಗಳಲ್ಲಿ ಹೇಳಿದ ಶುಕ್ರಾವರೋಧವೂ ಇಂದಿನ ವೈದ್ಯಶಾಸ್ತ್ರ ಹೇಳುವ ಶುಕ್ರವಾಹಿನಿಯ ತಡೆಯೂ ಒಂದೆಯೇ? ಅಲ್ಲವೆಂದೇ ಹೇಳಬೇಕಾಗುತ್ತದೆ.

ಶಾಸ್ತ್ರದಲ್ಲಿ ಹೇಳಿದ ಎಲ್ಲ ತಡೆಗಳೂ ರೋಗಿಗೆ ಅನುಭವಕ್ಕೆ ಬರತಕ್ಕವು. ನೋವು, ಊತ, ಮೂತ್ರದ ಕಟ್ಟು, ಶುಕ್ರದ ಬಣ್ಣ ಗಂಧಗಳ ವಿಕಾರ ಇವುಗಳಿಂದಲೇ ಅವು ಗೊತ್ತಾಗುತ್ತವೆ. ಆದರೆ ಅಧಿವೃಷಣದಲ್ಲಿ ಅಥವಾ ಶುಕ್ರವಾಹಿನಿಯಲ್ಲಿ ತಡೆಯುಂಟಾದ ಪುರುಷನಿಗೆ ಬಹುಶಃ ಯಾವ ನೋವೂ ಇರುವುದಿಲ್ಲ. ಶುಕ್ರದ ಬಹುಭಾಗ ಶುಕ್ರಾಶಯ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ಸ್ರಾವ. ವೃಷಣದ ಕಡೆಯಿಂದ ಬರುವುದು ನೂರರಲ್ಲಿ ಹತ್ತು ಪಾಲಿಗೂ ಕಡಿಮೆ. ಆದಕಾರಣ ದಾರಿ ಪೂರ್ತಿ ಮುಚ್ಚಿದರೂ ಪ್ರಮಾಣದಲ್ಲಿ ವ್ಯತ್ಯಾಸ ಕಾಣದು; ಇಲ್ಲವಾಗಿರುವುದು ವೀರ್ಯಾಣು ಮಾತ್ರ. ವೀರ್ಯಾಣುವನ್ನು ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ೧೬೭೭ರಲ್ಲಿ. ಅದಕ್ಕೆ ಮುಂಚೆ ಈ ರೋಗವನ್ನು ರೋಗವೆಂದು ಗುರುತಿಸಲು ಯಾವ ದೇಶದ ವೈದ್ಯನಿಗೂ ಸಾಧನವಿರಲಿಲ್ಲ. ಇದು ಪ್ರಾಚೀನರ ನ್ಯೂನತೆಯಲ್ಲ; ಇಂದ್ರಿಯದ ಮಿತಿ.

ಮೈಥುನದಲ್ಲಿ ನವಲಕ್ಷ ಜೀವಗಳ ಘಾತವಾಗುತ್ತದೆಂಬ ಆಗಮೋಕ್ತಿಯನ್ನು ಹಿಡಿದು ಜೈನಾಚಾರ್ಯರಿಗೆ ವೀರ್ಯಾಣುವಿನ ಜ್ಞಾನವಿತ್ತೆಂದು ವಾದಿಸುವುದುಂಟು. ಆ ಉಕ್ತಿಯ ವಿಷಯ ಜೀವಸಿದ್ಧಾಂತ, ಉದ್ದೇಶ ಬ್ರಹ್ಮಚರ್ಯದ ದೃಢೀಕರಣ. ಅಲ್ಲಿ ಹೇಳಿದ ಜೀವಗಳು ಸ್ವತಂತ್ರ ಆಯುಷ್ಯವುಳ್ಳವು. ಅವುಗಳನ್ನು ವೀರ್ಯಾಣುವೆಂದು ಸಮೀಕರಿಸಿದರೆ ವಿಜ್ಞಾನಕ್ಕೂ ನ್ಯಾಯವಾಗದು, ಆಗಮಕ್ಕೂ ಗೌರವವಾಗದು.

ಇಂದಿನ ಶಾಸ್ತ್ರದ ಪ್ರಕಾರ ಈ ತಡೆಗೆ ಕಾರಣಗಳು ಹಲವು: ಪೂಯರೋಗಾದಿ ಅಂಟುರೋಗಗಳು, ಕ್ಷಯ, ಹಿಂದೆ ತೊಡೆಸಂದಿಯಲ್ಲಿ ಅಥವಾ ವೃಷಣದಲ್ಲಿ ನಡೆದ ಶಸ್ತ್ರಕ್ರಿಯೆ, ಹುಟ್ಟಿನಿಂದಲೇ ಶುಕ್ರವಾಹಿನಿ ಇಲ್ಲದಿರುವುದು, ಸಂತಾನನಿಯಂತ್ರಣಕ್ಕಾಗಿ ಅದನ್ನು ಕತ್ತರಿಸಿ ಕಟ್ಟಿರುವುದು. ಮೈಸೂರು ಸಂಸ್ಥಾನವು ೧೯೩೦ರಲ್ಲಿಯೇ ಸಂತಾನನಿಯಂತ್ರಣದ ಚಿಕಿತ್ಸಾಲಯಗಳಿಗೆ ಮಂಜೂರಾತಿ ನೀಡಿತು. ಭಾರತದ ಕುಟುಂಬಯೋಜನೆ ೧೯೫೨ರಲ್ಲಿ ಆರಂಭವಾಯಿತು. ೧೯೭೫-೭೭ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಈ ಶಸ್ತ್ರಕ್ರಿಯೆ ಬಲಾತ್ಕಾರದ ಹೆಸರನ್ನೂ ಹೊತ್ತಿತು. ಶುಕ್ರವಹವು ತುಂಡಾಗದಂತೆ ಕಾಯಬೇಕೆಂದು ಸುಶ್ರುತವು ಹೇಳಿದ ಅಂಗವನ್ನೇ ಬುದ್ಧಿಪೂರ್ವಕವಾಗಿ ತುಂಡರಿಸುವ ಈ ಕ್ರಿಯೆಯಿಂದ ಮರಣವೂ ಇಲ್ಲ, ಕ್ಲೈಬ್ಯವೂ ಇಲ್ಲ ಎಂಬುದು ಸಿದ್ಧವಾಗಿದೆ. ಕಳೆಯುವುದು ಸಂತಾನಶಕ್ತಿ ಮಾತ್ರ. ಕ್ಲೈಬ್ಯ ಬೇರೆ, ಸಂತಾನಹೀನತೆ ಬೇರೆ ಎಂದು ಹಿಂದೆ ಮಾಡಿದ ವಿಭಾಗಕ್ಕೆ ಇದು ಪ್ರತ್ಯಕ್ಷಪ್ರಮಾಣ.

ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ ಶುಕ್ರದ ಸೂಕ್ಷ್ಮದರ್ಶಕ ಪರೀಕ್ಷೆ. ಬಳಿಕ ವೃಷಣದಲ್ಲಿ ಉತ್ಪತ್ತಿ ನಡೆದಿದೆಯೇ, ದಾರಿಯಷ್ಟೇ ಕಟ್ಟಿದೆಯೇ ಎಂಬ ನಿರ್ಣಯ. ಅಮೆರಿಕದ ಫಿಲಡೆಲ್ಫಿಯದಲ್ಲಿ ಮಾರ್ಟಿನ್ ೧೯೦೨ರಲ್ಲಿ ಅಧಿವೃಷಣಕ್ಕೂ ಶುಕ್ರವಾಹಿನಿಗೂ ಸಂಧಾನ ಮಾಡುವ ಶಸ್ತ್ರಕ್ರಿಯೆಯನ್ನು ವರ್ಣಿಸಿದರು. ೧೯೭೦ರ ದಶಕದಲ್ಲಿ ಸೂಕ್ಷ್ಮದರ್ಶಕದಡಿಯಲ್ಲಿ ಕೂದಲೆಳೆಗಿಂತ ತೆಳುವಾದ ದಾರದಿಂದ ವಾಹಿನಿಯ ತುದಿಗಳನ್ನು ಹೊಲಿಯುವ ಕ್ರಮ ಬಳಕೆಗೆ ಬಂದಿತು. ಸ್ಖಲನನಾಳದ ಬಾಯಿ ಮುಚ್ಚಿದ್ದರೆ ಮೂತ್ರಮಾರ್ಗದಿಂದಲೇ ಉಪಕರಣವನ್ನು ಸೇರಿಸಿ ಅದನ್ನು ತೆರೆಯುತ್ತಾರೆ. ದಾರಿಯನ್ನು ಸರಿಪಡಿಸಲಾಗದಿದ್ದಲ್ಲಿ ವೃಷಣದಿಂದಲೇ ವೀರ್ಯಾಣುವನ್ನು ಪಡೆದು ಅಂಡದೊಳಗೆ ಸೇರಿಸುವ ವಿಧಾನ ೧೯೯೨ರಲ್ಲಿ ಬ್ರಸೆಲ್ಸ್‌ನಿಂದ ವರದಿಯಾದ ಸಂಶೋಧನೆಯ ತರುವಾಯ ರೂಢವಾಯಿತು. ಮುಚ್ಚಿಹೋದ ಶುಕ್ರವಾಹಿನಿ ಕಷಾಯದಿಂದಾಗಲಿ ಕ್ಷಾರದಿಂದಾಗಲಿ ತೆರೆಯುವುದಿಲ್ಲ.

೮

ಇಷ್ಟನ್ನು ಹೇಳುವುದರಿಂದ ಜೈನವೈದ್ಯದ ಘನತೆಗೆ ಕುಂದು ಬರುವುದಿಲ್ಲ. ಮೂತ್ರಮಾರ್ಗವನ್ನು ಮೆಲ್ಲಮೆಲ್ಲನೆ ಹಿಗ್ಗಿಸುವ ನಳಿಗೆಯ ಕ್ರಮ, ಕೊಳವೆಯಿಂದ ಔಷಧವನ್ನು ನೇರವಾಗಿ ಸ್ಥಾನಕ್ಕೆ ಮುಟ್ಟಿಸುವ ಉಪಾಯ, ಶಸ್ತ್ರಕ್ಕೆ ಮೊದಲು ಅನುಮತಿ, ಮರ್ಮರಕ್ಷಣೆ ಇವು ಪರಂಪರೆಯ ಸಾಮಾನ್ಯ ಸಂಪತ್ತು. ಪ್ರಾಣಿಹಿಂಸೆಯಿಲ್ಲದೆ ಅದನ್ನು ನಡೆಸಬಹುದೆಂದು ಶಾಸ್ತ್ರದೊಳಗಿನ ಪ್ರಮಾಣಗಳಿಂದಲೇ ತೋರಿಸುವ ದಾರಿ ಜೈನಾಚಾರ್ಯರ ವಿಶೇಷ.

ಆದರೆ ಶುಕ್ರಾಶ್ಮರಿಯ ಯೋಗವನ್ನು ಪುರುಷರ ಬಂಜೆತನಕ್ಕೆ ಸಿದ್ಧೌಷಧವೆಂಬ ತಲೆಬರಹದೊಡನೆ ಮುದ್ರಿಸಿದರೆ ಆಚಾರ್ಯರು ಹೇಳದ ಮಾತನ್ನು ಅವರ ಬಾಯಲ್ಲಿ ಇಟ್ಟಂತಾಗುತ್ತದೆ. ಅದನ್ನು ನಂಬಿದ ದಂಪತಿಗಳು ವರ್ಷಗಳನ್ನು ಕಳೆದುಕೊಳ್ಳುತ್ತಾರೆ. ಹೆಂಡತಿಯ ವಯಸ್ಸು ಮೀರಿದ ಮೇಲೆ ಸರಿಯಾದ ಚಿಕಿತ್ಸೆ ದೊರೆತರೂ ಫಲ ಕಡಿಮೆ. ಆದುದರಿಂದ ಈ ಪ್ರಕರಣದ ಸಂಪಾದನೆಯಲ್ಲಿ ರೋಗನಾಮವನ್ನು ಮೂಲದಲ್ಲಿದ್ದಂತೆಯೇ ಉಳಿಸಿ, ಲಕ್ಷಣಗಳನ್ನು ಪೂರ್ತಿ ಕೊಟ್ಟು, ಆಧುನಿಕ ನಾಮದೊಡನೆ ಸಮೀಕರಿಸುವಾಗ ಲಕ್ಷಣಸಾಮ್ಯ ಎಷ್ಟೆಂಬುದನ್ನು ಅಡಿಟಿಪ್ಪಣಿಯಲ್ಲಿ ಸ್ಪಷ್ಟಪಡಿಸುವುದು ಅಗತ್ಯ. ದ್ರವ್ಯನಾಮಗಳಿಗೆ ಸಸ್ಯನಿರ್ಣಯವೂ, ಪ್ರಕ್ಷಿಪ್ತವೆಂದು ತೋರುವ ವಾಕ್ಯಗಳಿಗೆ ಕಾರಣವೂ ಜೊತೆಗಿರಬೇಕು.

ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಮೂಡಬಿದಿರೆಯ ಭಂಡಾರ ಮುಂತಾದೆಡೆಗಳಲ್ಲಿ ಸಂಗ್ರಹವಾಗಿರುವ ಓಲೆಗಳಿಗೆ ಹೊಂದುವ ಈ ನಿಯಮ ಹಾವೇರಿ ಸೀಮೆಯ ಮನೆಮನೆಗಳ ಕಡತಗಳಿಗೂ ಹೊಂದುತ್ತದೆ. ಔಷಧದಾನವು ದಾನವಾಗುವುದು ಔಷಧವು ರೋಗಕ್ಕೆ ತಕ್ಕುದಾಗಿದ್ದಾಗ. ವೈದ್ಯಗ್ರಂಥದ ಸಂಪಾದನೆಯಲ್ಲಿ ಶಾಸ್ತ್ರದಾನ ಮತ್ತು ಔಷಧದಾನ ಎರಡೂ ಒಂದೇ ಕೈಯಿಂದ ನಡೆಯುತ್ತವೆ. ಪಾಠಶುದ್ಧಿ ತಪ್ಪಿದರೆ ಎರಡೂ ಕೆಡುತ್ತವೆ.